'ಲ ಮಿಲಿಯೋಂ' ನೋಡುವ ಬಗೆ: ರೆನೆ ಕ್ಲೇರ್ ನಗುವನ್ನು ಎಲ್ಲಿಟ್ಟಿದ್ದಾರೆ?

ಪ್ರಶ್ನೆ: ರೆನೆ ಕ್ಲೇರ್ ನಿರ್ದೇಶಿಸಿದ 1931ರ ಫ್ರೆಂಚ್ ಹಾಸ್ಯಚಿತ್ರ 'ಲ ಮಿಲಿಯೋಂ' ನೋಡಿದೆ. ಟಾಕಿ ಕಾಲದ ಆರಂಭದ ದೊಡ್ಡ ಚಿತ್ರಗಳಲ್ಲಿ ಒಂದು ಎಂದು ಓದಿದ್ದೆ. ನನಗೋ ಕತೆ ತೀರಾ ತೆಳು ಅನ್ನಿಸಿತು. ಪಾತ್ರಗಳು ಕೀಲುಗೊಂಬೆಗಳ ಹಾಗೆ ಓಡಾಡುತ್ತವೆ, ಯಾರ ಮೇಲೂ ಮನಸ್ಸು ನಿಲ್ಲುವುದಿಲ್ಲ, ಹಾಡುಗಳೂ ಅರ್ಧಂಬರ್ಧ. ನಾನು ನೋಡಿದ್ದರಲ್ಲಿ ಏನು ಕೊರತೆ? ಇಂಥ ಚಿತ್ರವನ್ನು ಹೇಗೆ ನೋಡಬೇಕು? ಕ್ಲೇರ್ ಅವರ ಬೇರೆ ಯಾವ ಚಿತ್ರಗಳನ್ನು ಹಿಡಿಯಬೇಕು?

ಉತ್ತರ: ನೀವು ಕಂಡದ್ದು ಸರಿಯಾಗಿಯೇ ಇದೆ. ಕತೆ ತೆಳು, ಪಾತ್ರಗಳು ಕೀಲುಗೊಂಬೆಗಳೇ, ಹಾಡುಗಳು ಬೇಕೆಂದೇ ಅರ್ಧಕ್ಕೆ ತುಂಡಾಗುತ್ತವೆ. ಇವೆಲ್ಲ ನಿರ್ದೇಶಕರು ಗೊತ್ತಿದ್ದೇ ಮಾಡಿದ ಕೆಲಸ. ಕ್ಲೇರ್ ಅವರ ಚಿತ್ರದಲ್ಲಿ ನಟನ ಮುಖವನ್ನೋ ಸಂಭಾಷಣೆಯನ್ನೋ ನೋಡುತ್ತ ಕೂತರೆ ಕೈಗೆ ಹೆಚ್ಚೇನೂ ಸಿಗುವುದಿಲ್ಲ. ಅವರು ನಗುವನ್ನು ಇಟ್ಟಿರುವುದು ಎರಡು ಕಡೆ. ಒಂದು, ಜನರು ಮತ್ತು ವಸ್ತುಗಳು ಚೌಕಟ್ಟಿನೊಳಗೆ ಚಲಿಸುವ ಲಯದಲ್ಲಿ. ಇನ್ನೊಂದು, ಕಣ್ಣಿಗೆ ಕಾಣುವುದಕ್ಕೂ ಕಿವಿಗೆ ಕೇಳುವುದಕ್ಕೂ ನಡುವೆ ಬಿಟ್ಟಿರುವ ಸಂದಿನಲ್ಲಿ. ಎರಡನೆಯದೇ ಈ ಚಿತ್ರದ ನಿಜವಾದ ಸಾಧನೆ, ಹಾಗಾಗಿ ಅದರ ಬಗ್ಗೆಯೇ ಹೆಚ್ಚು ಬರೆಯುತ್ತೇನೆ.

ಚಿತ್ರ ನೋಡದ ಓದುಗರಿಗಾಗಿ ಕತೆಯನ್ನು ಚುಟುಕಾಗಿ ಹೇಳಿಬಿಡೋಣ. ಮಿಶೆಲ್ ಒಬ್ಬ ಬಡ ಚಿತ್ರಕಾರ. ಬೀದಿಯ ಅಂಗಡಿಯವರಿಗೆಲ್ಲ ಬಾಕಿ ಉಳಿಸಿಕೊಂಡಿದ್ದಾನೆ. ಎದುರು ಮನೆಯ ಬೆಯಾತ್ರೀಸ್ ಅವನು ಮದುವೆಯಾಗಬೇಕಾದ ಹುಡುಗಿ, ಒಪೆರಾದಲ್ಲಿ ನರ್ತಕಿ. ಮಿಶೆಲ್ ಕೊಂಡಿದ್ದ ಡಚ್ ಲಾಟರಿ ಟಿಕೆಟ್‌ಗೆ ಹತ್ತು ಲಕ್ಷ ಫ್ಲೋರಿನ್ ಬಹುಮಾನ ಬರುತ್ತದೆ. ಟಿಕೆಟ್ ಇರುವುದು ಅವನ ಹರಕು ಕೋಟಿನ ಜೇಬಿನಲ್ಲಿ. ಆ ಕೋಟನ್ನು ಬೆಯಾತ್ರೀಸ್ ಅಷ್ಟು ಹೊತ್ತಿಗಾಗಲೇ ಪೊಲೀಸರಿಂದ ತಪ್ಪಿಸಿಕೊಂಡು ಒಳಗೆ ನುಗ್ಗಿದ ಪೇರ್ ಲಾ ತುಲಿಪ್ ಎಂಬ ಮುದಿ ಕಳ್ಳನಿಗೆ ಕೊಟ್ಟು ಕಳಿಸಿದ್ದಾಳೆ. ತುಲಿಪ್‌ನದು ಹೊರಗೆ ನೋಡಲು ಹಳೇ ಸಾಮಾನಿನ ಅಂಗಡಿ, ಒಳಗೆ ಕಳ್ಳರ ಗುಂಪು. ಕೋಟು ಅಲ್ಲಿಂದ ಸೊಪ್ರಾನೆಲ್ಲಿ ಎಂಬ ಒಪೆರಾ ಗಾಯಕನ ಕೈಗೆ ಹೋಗುತ್ತದೆ. ಅವನಿಗೆ ರಂಗದ ಮೇಲೆ ಅಲೆಮಾರಿಯ ವೇಷಕ್ಕೆ ಅಂಥದೇ ಹರಕಲು ಬೇಕಿತ್ತು. ಮಿಶೆಲ್, ಅವನ ಗೆಳೆಯ ಪ್ರೊಸ್ಪೇರ್, ತುಲಿಪ್‌ನ ಬಂಟರು, ಪೊಲೀಸರು ಎಲ್ಲ ಕೋಟಿನ ಹಿಂದೆ ಓಡುತ್ತಾರೆ. ಇಷ್ಟೇ.

ಈಗ ಆರಂಭವನ್ನು ಇನ್ನೊಮ್ಮೆ ಹಾಕಿ ನೋಡಿ. ರಾತ್ರಿ, ಪ್ಯಾರಿಸಿನ ಮನೆಗಳ ಮಾಡುಗಳು, ಹೊಗೆಕೊಳವೆಗಳು. ಕ್ಯಾಮೆರಾ ಅವುಗಳ ಮೇಲೆ ತೇಲಿಕೊಂಡು ಹೋಗುತ್ತದೆ. ಎಲ್ಲಿಂದಲೋ ಕುಣಿತದ ಗದ್ದಲ. ನಿದ್ದೆಗೆಟ್ಟ ಇಬ್ಬರು ಮಾಡಿನ ಗಾಜಿನ ಕಿಂಡಿಯಿಂದ ಕೆಳಗೆ ಬಗ್ಗಿ ಇದೇನು ಗಲಾಟೆ ಎಂದು ಕೇಳುತ್ತಾರೆ. ಕೆಳಗೆ ಕುಣಿಯುತ್ತಿದ್ದವರು ಬೆಳಗಿನಿಂದ ನಡೆದದ್ದನ್ನು ಹೇಳತೊಡಗುತ್ತಾರೆ. ಅಂದರೆ ಎಲ್ಲ ಸುಖವಾಗಿ ಮುಗಿಯಿತು ಎಂಬುದು ನಮಗೆ ಮೊದಲ ಕೆಲವೇ ನಿಮಿಷಗಳಲ್ಲಿ ಗೊತ್ತಾಗಿಬಿಡುತ್ತದೆ. ಟಿಕೆಟ್ ಸಿಗುತ್ತದೋ ಇಲ್ಲವೋ ಎಂಬ ಆತಂಕವನ್ನು ಕ್ಲೇರ್ ತಾವೇ ಕಿತ್ತುಹಾಕಿದ್ದಾರೆ. ಏಕೆಂದರೆ ಆತಂಕ ಇರುವ ಪ್ರೇಕ್ಷಕ ಮುಂದೇನಾಯಿತು ಎಂದು ಕಾಯುತ್ತಾನೆ, ನಡೆಯುತ್ತಿರುವುದರ ಚಂದ ಅವನಿಗೆ ಕಾಣುವುದಿಲ್ಲ. 'ಕತೆ ತೆಳು' ಅನ್ನಿಸಿದ್ದಕ್ಕೆ ಮುಖ್ಯ ಕಾರಣ ಇದು. ನೀವು ಕಾದದ್ದು ಅವರು ಮೊದಲೇ ಬಿಟ್ಟುಕೊಟ್ಟ ವಸ್ತುವಿಗೆ.

ಪಾತ್ರಗಳ ವಿಷಯಕ್ಕೂ ಹೀಗೇ. ನಾಯಕ ಯಾರು ಎಂದು ಕೇಳಿದರೆ ಕೋಟು ಎನ್ನಬೇಕು. ಎರಡನೇ ಸಲ ನೋಡುವಾಗ ಕೈಯಲ್ಲಿ ಒಂದು ಕಾಗದ ಹಿಡಿದು, ಕೋಟು ಯಾರ ಕೈಯಿಂದ ಯಾರ ಕೈಗೆ ಹೋಯಿತು, ಆ ಹೊತ್ತಿಗೆ ಆ ವ್ಯಕ್ತಿಗೆ ಕೋಟು ಎಂದರೆ ಏನಾಗಿತ್ತು ಎಂದು ಬರೆದುಕೊಳ್ಳಿ. ಬೆಯಾತ್ರೀಸ್‌ಗೆ ಅದು ಹೊಲಿಗೆಯ ಕೆಲಸ. ಆಮೇಲೆ ಸಿಟ್ಟು ತೀರಿಸಿಕೊಳ್ಳುವ ದಾರಿ, ಏಕೆಂದರೆ ಮಿಶೆಲ್ ಬೇರೊಬ್ಬಳನ್ನು ತಬ್ಬಿಕೊಂಡದ್ದನ್ನು ಅವಳು ಕಂಡಿದ್ದಾಳೆ. ತುಲಿಪ್‌ಗೆ ಮಾರುವೇಷ. ಸೊಪ್ರಾನೆಲ್ಲಿಗೆ ವೇಷಭೂಷಣ. ಮಿಶೆಲ್‌ಗೆ ಹತ್ತು ಲಕ್ಷ. ಪ್ರೊಸ್ಪೇರ್‌ಗೆ ಗೆಳೆತನವನ್ನೇ ಮುರಿಯುವಂಥ ದುರಾಸೆ. ಒಂದೇ ಬಟ್ಟೆಯ ತುಂಡಿಗೆ ಆರು ಬೆಲೆ ಇರುವುದನ್ನು ಕಂಡಾಗ, ಪಾತ್ರಗಳಿಗೆ ಆಳ ಕೊಡದೆ ಬಿಟ್ಟದ್ದು ಏಕೆಂದು ಹೊಳೆಯುತ್ತದೆ. ಯಾರಾದರೂ ಒಬ್ಬರ ಒಳಗೆ ಇಳಿದು ನಿಂತರೆ ಈ ಕೈಬದಲಿನ ವೇಗ ಕೆಡುತ್ತಿತ್ತು.

ವಸ್ತುವನ್ನು ನಾಯಕನನ್ನಾಗಿ ಮಾಡಿ ಅದರ ಹಿಂದೆ ಜನರನ್ನು ಓಡಿಸುವುದು ಕ್ಲೇರ್ ಹುಡುಕಿದ್ದೇನೂ ಅಲ್ಲ. 1914ಕ್ಕೆ ಮುಂಚಿನ ಪಾತೆ, ಗೋಮೋಂ ಕಂಪನಿಗಳ ಸಣ್ಣ ಹಾಸ್ಯಚಿತ್ರಗಳಲ್ಲಿ ಇದೇ ಸೂತ್ರ: ಒಬ್ಬ ಓಡುತ್ತಾನೆ, ಇನ್ನೊಬ್ಬ ಅಟ್ಟುತ್ತಾನೆ, ದಾರಿಯಲ್ಲಿ ಡಿಕ್ಕಿ ಹೊಡೆದವರೆಲ್ಲ ಸೇರಿಕೊಂಡು ಬಾಲ ಬೆಳೆಯುತ್ತ ಹೋಗುತ್ತದೆ. 1898ರಲ್ಲಿ ಪ್ಯಾರಿಸಿನಲ್ಲಿ ಹುಟ್ಟಿದ ಕ್ಲೇರ್ ಅಂಥವನ್ನು ನೋಡುತ್ತ ಬೆಳೆದ ತಲೆಮಾರಿನವರು. ಅವರ ನಿಜ ಹೆಸರು ರೆನೆ ಶೊಮೆತ್. ಮೊದಲು ಪತ್ರಕರ್ತ, ಆಮೇಲೆ ಲೂಯಿ ಫೊಯಾದ್ ಅವರ ಧಾರಾವಾಹಿ ಚಿತ್ರಗಳಲ್ಲಿ ನಟ. 1924ರ 'ಆಂತ್ರಾಕ್ತ್' ಎಂಬ ಕಿರುಚಿತ್ರದಲ್ಲಿ ಒಂಟೆ ಎಳೆಯುವ ಶವದ ಗಾಡಿ ಕೈತಪ್ಪಿ ಓಡುತ್ತದೆ, ಕರಿ ಬಟ್ಟೆಯ ಗಣ್ಯರು ಹಿಂದೆ ಬಿದ್ದು ಓಡುತ್ತಾರೆ. ಅದೇ ಓಟ ಏಳು ವರ್ಷದ ನಂತರ ಇಲ್ಲಿ ಸಂಗೀತಕ್ಕೆ ಹೊಂದಿಕೊಂಡು ಬಂದಿದೆ.

ಇನ್ನು ಧ್ವನಿ. ಇದಕ್ಕೆ ಸ್ವಲ್ಪ ಹಿನ್ನೆಲೆ ಬೇಕು. 1920ರ ದಶಕದ ಕೊನೆಯಲ್ಲಿ ಟಾಕಿ ಬಂದಾಗ ಕ್ಲೇರ್ ಅದನ್ನು ವಿರೋಧಿಸಿ ಬರೆದವರು. ಅವರ ತಕರಾರು ಧ್ವನಿಯ ಮೇಲೆ ಇರಲಿಲ್ಲ, ಮಾತಿನ ಮೇಲಿತ್ತು. ನಾಟಕವನ್ನು ಹಾಗೇ ತಂದು ಕ್ಯಾಮೆರಾ ಮುಂದೆ ಮಾತಾಡಿಸಿದರೆ, ಮೂಕಿ ಚಿತ್ರ ಮೂವತ್ತು ವರ್ಷದಲ್ಲಿ ಕಲಿತದ್ದೆಲ್ಲ ನೀರುಪಾಲಾಗುತ್ತದೆ ಎಂಬ ಭಯ. ಆ ಭಯಕ್ಕೆ ತಾಂತ್ರಿಕ ಆಧಾರವೂ ಇತ್ತು. ಆಗಿನ ಕ್ಯಾಮೆರಾ ಗರಗರ ಸದ್ದು ಮಾಡುತ್ತಿತ್ತು. ಮೈಕಿಗೆ ಅದು ಕೇಳದಿರಲೆಂದು ಕ್ಯಾಮೆರಾವನ್ನು ಸದ್ದು ತಡೆಯುವ ಪೆಟ್ಟಿಗೆಯಂಥ ಕೋಣೆಯೊಳಗೆ ಕೂಡಿಹಾಕುತ್ತಿದ್ದರು. ಒಳಗೆ ಕೂತ ಕ್ಯಾಮೆರಾ ಅಲುಗಾಡುವಂತಿಲ್ಲ. ನಟರೂ ಬಚ್ಚಿಟ್ಟ ಮೈಕಿನ ಸುತ್ತ ನಿಂತು ಮಾತಾಡಬೇಕು. ಆರಂಭದ ಎಷ್ಟೋ ಟಾಕಿಗಳು ಮರಗಟ್ಟಿದಂತೆ ಕಾಣುವುದು ಇದರಿಂದ.

1929ರಲ್ಲಿ ಲಂಡನ್ನಿಗೆ ಹೋಗಿ ಹೊಸ ಟಾಕಿಗಳನ್ನು ನೋಡಿದ ಮೇಲೆ ಅವರ ನಿಲುವು ಸಡಿಲವಾಯಿತು. ಅಮೆರಿಕದ 'ದ ಬ್ರಾಡ್‌ವೇ ಮೆಲಡಿ'ಯ ಒಂದು ದೃಶ್ಯವನ್ನು ಅವರು ಮೆಚ್ಚಿ ಬರೆದರು: ತೆರೆಯ ಮೇಲೆ ಕಾಣುವುದು ಕಿಟಕಿಯ ಬಳಿ ನಿಂತ ಹೆಣ್ಣಿನ ನೊಂದ ಮುಖ ಮಾತ್ರ, ಕಾರಿನ ಬಾಗಿಲು ಹಾಕಿದ ಸದ್ದು, ಕಾರು ಹೊರಟು ಹೋದ ಸದ್ದು ಹೊರಗಿನಿಂದ ಕೇಳುತ್ತದೆ. ಕಾರನ್ನು ತೋರಿಸಲೇಬೇಕಾಗಿಲ್ಲ. ಕಣ್ಣಿಗೆ ಒಂದು, ಕಿವಿಗೆ ಇನ್ನೊಂದು. ಕ್ಲೇರ್ ಅವರ ಟಾಕಿಗಳ ವ್ಯಾಕರಣವೆಲ್ಲ ಇಲ್ಲಿಂದಲೇ ಬೆಳೆದದ್ದು ಎಂದರೆ ಅತಿಶಯವಲ್ಲ. ಅವರ ನಿಯಮವನ್ನು ನಾನು ಹೀಗೆ ಹೇಳುತ್ತೇನೆ: ಚಿತ್ರ ಹೇಳಿದ್ದನ್ನು ಧ್ವನಿ ಮತ್ತೆ ಹೇಳಬಾರದು, ಧ್ವನಿ ಹೇಳಿದ್ದನ್ನು ಚಿತ್ರ ತೋರಿಸಬಾರದು.

ಇದರಿಂದ ಒಂದು ತಾಂತ್ರಿಕ ಲಾಭವೂ ಸಿಕ್ಕಿತು. ಮಾತು ಇಲ್ಲದ ದೃಶ್ಯವನ್ನು ಮೂಕಿಯ ಹಾಗೇ ಚಿತ್ರೀಕರಿಸಿ, ಸಂಗೀತ ಮತ್ತು ಸದ್ದನ್ನು ಬೇರೆಯಾಗಿ ಸೇರಿಸಬಹುದು. ಆಗ ಕ್ಯಾಮೆರಾ ಪೆಟ್ಟಿಗೆಯಿಂದ ಹೊರಗೆ ಬರುತ್ತದೆ, ಓಡುವವರ ಜೊತೆ ಓಡುತ್ತದೆ. 'ಲ ಮಿಲಿಯೋಂ'ನ ಓಟದ ದೃಶ್ಯಗಳು ಅದೇ ಕಾಲದ ಬೇರೆ ಚಿತ್ರಗಳಿಗಿಂತ ಹಗುರಾಗಿ ಕಾಣುವ ಗುಟ್ಟು ಇದು. ಹೋಲಿಕೆಗೆ ಹೇಳುವುದಾದರೆ, ಭಾರತದ ಮೊದಲ ಟಾಕಿ 'ಆಲಂ ಆರಾ' ಮುಂಬಯಿಯಲ್ಲಿ ತೆರೆಕಂಡದ್ದು ಇದೇ 1931ರ ಮಾರ್ಚಿನಲ್ಲಿ, 'ಲ ಮಿಲಿಯೋಂ' ಪ್ಯಾರಿಸಿನಲ್ಲಿ ಬಂದದ್ದು ಏಪ್ರಿಲಿನಲ್ಲಿ. ನಮ್ಮಲ್ಲಿ ಆಗ ನಟರು ಕ್ಯಾಮೆರಾ ಮುಂದೆಯೇ ಹಾಡುತ್ತಿದ್ದರು, ವಾದ್ಯದವರು ಚೌಕಟ್ಟಿನ ಆಚೆ ಅಡಗಿ ಕೂತಿರುತ್ತಿದ್ದರು.

ಈ ಎಲ್ಲವೂ ಒಂದೆಡೆ ಸೇರುವುದು ಒಪೆರಾ ದೃಶ್ಯದಲ್ಲಿ. ಇಡೀ ಚಿತ್ರ ಮರೆತರೂ ಇದೊಂದನ್ನು ಮೂರು ಸಲ ನೋಡಿ. ಸೊಪ್ರಾನೆಲ್ಲಿ ದಪ್ಪ, ಗಾಯಕಿಯೂ ದಪ್ಪ. ಇಬ್ಬರೂ ಪರದೆ ಏಳುವ ತನಕ ಕಿತ್ತಾಡುತ್ತಿರುತ್ತಾರೆ. ಕೋಟು ಹುಡುಕಿಕೊಂಡು ಬಂದ ಮಿಶೆಲ್, ಅವನ ಮೇಲೆ ಇನ್ನೂ ಮುನಿದಿರುವ ಬೆಯಾತ್ರೀಸ್ ರಂಗದ ಮೇಲೆಯೇ ಸಿಕ್ಕಿಹಾಕಿಕೊಳ್ಳುತ್ತಾರೆ. ಪರದೆ ಎದ್ದುಬಿಡುತ್ತದೆ. ಬಣ್ಣ ಬಳಿದ ಗಿಡಮರಗಳ ಹಿಂದೆ ಅಡಗಿ ಕೂರದೆ ಬೇರೆ ದಾರಿಯಿಲ್ಲ. ಮುಂದೆ ದಪ್ಪ ಜೋಡಿ ಪ್ರೇಮಗೀತೆ ಹಾಡುತ್ತದೆ: ಈಗ ನಾವಿಬ್ಬರೇ, ಯಾರೂ ಇಲ್ಲ. ಎದುರಿಗೆ ತುಂಬಿದ ಸಭಾಂಗಣ, ಹಿಂದೆ ಅಡಗಿದ ಇಬ್ಬರು.

ಇಲ್ಲಿಯ ತನಕ ಇದು ಗೇಲಿ. ಒಪೆರಾದ ಹುಸಿತನ, ಅಟ್ಟದ ಮೇಲಿಂದ ಕಾಗದದ ಎಲೆಗಳನ್ನು ಸುರಿಯುವ ಕೆಲಸಗಾರ, ಎಲ್ಲಕ್ಕೂ ನಗುತ್ತೇವೆ. ಆಮೇಲೆ ಕ್ಲೇರ್ ಮೆಲ್ಲಗೆ ದಾಳ ಬದಲಿಸುತ್ತಾರೆ. ಮಿಶೆಲ್ ಬಾಯಿ ಬಿಡುವಂತಿಲ್ಲ, ಬಿಟ್ಟರೆ ಸಭೆಗೆ ಕೇಳುತ್ತದೆ. ಅವನು ಹೇಳಬೇಕಾದ ಕ್ಷಮೆಯ ಮಾತನ್ನು ಮುಂದಿರುವ ದಪ್ಪ ಗಾಯಕನೇ ಹಾಡುತ್ತಿದ್ದಾನೆ. ಬೆಯಾತ್ರೀಸ್ ಆ ಸಾಲಿಗೆ ಮುಖ ತಿರುಗಿಸುತ್ತಾಳೆ, ಮುಂದಿನ ಸಾಲಿಗೆ ಸ್ವಲ್ಪ ಸಡಿಲವಾಗುತ್ತಾಳೆ. ಹಾಡು ಮುಗಿಯುವ ಹೊತ್ತಿಗೆ ರಾಜಿಯಾಗಿದೆ. ನಾವು ನಕ್ಕಿದ್ದ ಕಾಗದದ ಎಲೆಗಳೇ ಈಗ ಅವರ ಮೇಲೆ ಬೀಳುತ್ತಿವೆ, ನಗು ಬರುವುದಿಲ್ಲ. ಒಂದೇ ಹಾಡು, ಒಂದೇ ಅಲಂಕಾರ; ಹಾಡುವವರ ಮಟ್ಟಿಗೆ ಸುಳ್ಳು, ಕೇಳುವವರ ಮಟ್ಟಿಗೆ ನಿಜ.

ಯಕ್ಷಗಾನ ನೋಡಿ ಬೆಳೆದವರಿಗೆ ಈ ದೃಶ್ಯ ಬೇಗ ತೆರೆದುಕೊಳ್ಳಬೇಕು: ಪದ ಹಾಡುವವರು ಭಾಗವತರು, ಅದರ ಭಾವ ಕಾಣುವುದು ವೇಷಧಾರಿಯ ಮೈಯಲ್ಲಿ. ಆದರೆ ಅಲ್ಲಿ ಭಾಗವತರಿಗೆ ತಾವು ಯಾರಿಗಾಗಿ ಹಾಡುತ್ತಿದ್ದೇವೆ ಎಂಬುದು ಗೊತ್ತು. ಇಲ್ಲಿ ಸೊಪ್ರಾನೆಲ್ಲಿಗೆ ಬೆನ್ನ ಹಿಂದೆ ಯಾರಿದ್ದಾರೆಂದೇ ಗೊತ್ತಿಲ್ಲ, ಹಾಸ್ಯ ಇರುವುದು ಆ ಅರಿವಿಲ್ಲದಿರುವಿಕೆಯಲ್ಲಿ.

ದೃಶ್ಯವನ್ನು ಬಿಡಿಸಿ ನೋಡುವ ಕ್ರಮ ಹೇಳುತ್ತೇನೆ. ಮೊದಲ ಸಲ ಹಾಡಿನ ಸಾಲುಗಳ ಸಬ್‌ಟೈಟಲ್ ಓದುತ್ತ ನೋಡಿ. ಎರಡನೇ ಸಲ ಧ್ವನಿ ಪೂರ್ತಿ ನಿಲ್ಲಿಸಿ, ಅಡಗಿರುವ ಜೋಡಿಯನ್ನು ಮಾತ್ರ ಗಮನಿಸಿ. ಮಾತಿಲ್ಲದೆಯೂ ಜಗಳದಿಂದ ರಾಜಿಯ ತನಕ ಪ್ರತಿ ಹಂತ ಸ್ಪಷ್ಟವಾಗಿರುವುದು ಕಾಣುತ್ತದೆ. ಮೂರನೇ ಸಲ ಕಣ್ಣು ಮುಚ್ಚಿ ಕೇಳಿ. ಬರೀ ಕಿವಿಗೆ ಬೀಳುವುದು ಒಂದು ಸಾಧಾರಣ, ಸ್ವಲ್ಪ ಹಳಸಲು ಪ್ರೇಮಗೀತೆ. ಚಿತ್ರ ಬೇರೆ, ಧ್ವನಿ ಬೇರೆ ಇಟ್ಟು ನೋಡಿದರೆ ಎರಡೂ ಸಾಮಾನ್ಯವೇ. ಸೇರಿದಾಗ ಆಗುವುದನ್ನು ನಿಮ್ಮ ಕಣ್ಣಾರೆ ಅಳೆಯಲು ಇದಕ್ಕಿಂತ ಒಳ್ಳೆಯ ಪರೀಕ್ಷೆ ಇಲ್ಲ.

ಇದರ ಆಮೇಲಿನ ಎಳೆದಾಟ ನೋಡಿ. ರಂಗದ ಹಿಂಭಾಗದಲ್ಲಿ ಕೋಟಿಗಾಗಿ ಜನ ಮುಗಿಬೀಳುತ್ತಾರೆ, ಕೋಟು ಕೈಯಿಂದ ಕೈಗೆ ಹಾರುತ್ತದೆ. ಧ್ವನಿಪಟ್ಟಿಯಲ್ಲಿ ಕೇಳುವುದು ರಗ್ಬಿ ಪಂದ್ಯದ ಸದ್ದು: ತೀರ್ಪುಗಾರನ ಸೀಟಿ, ಜನರ ಕೂಗು. ಆ ಕಟ್ಟಡದಲ್ಲಿ ಸೀಟಿ ಊದಿದವರು ಯಾರೂ ಇಲ್ಲ. ಇಂದು ಟಿವಿ ಜಾಹೀರಾತಿನಲ್ಲೂ ಇಂಥದು ಮಾಮೂಲು, ಆದ್ದರಿಂದ ನಮಗೆ ಚುರುಕು ತಟ್ಟುವುದಿಲ್ಲ. 1931ರಲ್ಲಿ ತೆರೆಯ ಮೇಲೆ ಕಾಣುವ ವಸ್ತುವಿಗೆ ಅದರದೇ ಸದ್ದು ಹೊಂದಿಸುವುದೇ ಹೊಸ ವಿದ್ಯೆಯಾಗಿದ್ದಾಗ, ಬೇಕೆಂದೇ ಬೇರೆಯ ಸದ್ದು ಹಚ್ಚಿದ್ದು ಧೈರ್ಯದ ಕೆಲಸ. ಪ್ರೊಸ್ಪೇರ್ ಗೆಳೆಯನಿಗೆ ಮೋಸ ಮಾಡಲು ಹೊರಟಾಗ ಅವನ ಆತ್ಮಸಾಕ್ಷಿ ಹಾಡಿನಲ್ಲಿ ಬಂದು ಚುಚ್ಚುವುದೂ ಇದೇ ಜಾತಿಗೆ ಸೇರಿದ್ದು.

ಹಾಡು ಅರ್ಧಂಬರ್ಧ ಅಂದಿರಲ್ಲ, ಅದು ಭಾರತೀಯ ಪ್ರೇಕ್ಷಕರಿಗೆ ಸಹಜವಾಗಿ ಬರುವ ದೂರು. ಪಲ್ಲವಿ, ಎರಡು ಚರಣ, ನಡುವೆ ವಾದ್ಯ, ಐದು ನಿಮಿಷ ಕತೆ ನಿಂತು ಭಾವ ಹರಿಯಬೇಕು ಎಂದು ನಮ್ಮ ಕಿವಿ ಕಾಯುತ್ತದೆ. ಕ್ಲೇರ್ ಅವರಲ್ಲಿ ಹಾಡು ಕತೆಯನ್ನು ನಿಲ್ಲಿಸುವುದಿಲ್ಲ, ತಳ್ಳುತ್ತದೆ. ಮಿಶೆಲ್‌ನಿಂದ ಬಾಕಿ ವಸೂಲಿಗೆ ಬಂದ ಅಂಗಡಿಯವರ ಗುಂಪನ್ನು ನೋಡಿ. ಅವರಿಗೆ ಒಬ್ಬೊಬ್ಬರ ಹೆಸರು, ಗುಣ ಏನೂ ಇಲ್ಲ. ಮೇಳವಾಗಿ ಹಾಡುತ್ತ ಮೆಟ್ಟಿಲು ಹತ್ತುತ್ತಾರೆ. ಲಾಟರಿ ಸುದ್ದಿ ಬಂದ ಕೂಡಲೇ ಅದೇ ಬಾಯಿಗಳು ಹೊಗಳಿಕೆಗೆ ತಿರುಗುತ್ತವೆ. ಸಂಭಾಷಣೆಯಲ್ಲಿ ಬರೆದಿದ್ದರೆ ಈ ಬದಲಾವಣೆಗೆ ಹತ್ತು ಜನರ ಹತ್ತು ಮಾತು ಬೇಕಾಗುತ್ತಿತ್ತು. ಮೇಳದಲ್ಲಿ ಒಂದು ಸಾಲು ಸಾಕು. ದುಡ್ಡಿನ ಮುಂದೆ ಜನ ಹೇಗೆ ಬಾಗುತ್ತಾರೆ ಎಂಬ ಟೀಕೆಯೂ ಅದರಲ್ಲೇ ಬಂತು. ತುಲಿಪ್‌ನ ಕಳ್ಳರಿಗೂ ತಮ್ಮದೇ ಗೀತೆ ಇದೆ, ದೇಶಭಕ್ತರ ಹಾಗೆ ಗಂಭೀರವಾಗಿ ಹಾಡುತ್ತಾರೆ. ಜಾರ್ಜ್ ಬೆರ್ ಮತ್ತು ಮಾರ್ಸೆಲ್ ಗಿಯೆಮೋ ಬರೆದ ಮೂಲ ನಾಟಕ ಮಾತಿನಿಂದ ತುಂಬಿದ್ದು. ಆ ಮಾತನ್ನು ಕಡಿದು ಹಾಡಿಗೂ ಓಟಕ್ಕೂ ಹಂಚಿದ್ದೇ ಕ್ಲೇರ್ ಮಾಡಿದ ರೂಪಾಂತರ. ಸಂಗೀತಕ್ಕೆ ಅರ್ಮಾಂ ಬೆರ್ನಾರ್, ಫಿಲಿಪ್ ಪಾರೆಸ್, ಜಾರ್ಜ್ ವಾನ್ ಪಾರಿಸ್ ಮೂವರು ಕೂಡಿ ಕೆಲಸ ಮಾಡಿದರು.

ದೃಶ್ಯಸಜ್ಜಿಕೆಯ ಬಗ್ಗೆ ಎರಡು ಮಾತು. ಪ್ಯಾರಿಸ್ ಎಂದು ಕಾಣುವುದೆಲ್ಲ ಪ್ಯಾರಿಸಿನ ಹೊರವಲಯದ ಎಪಿನೇಯಲ್ಲಿದ್ದ ಟೋಬಿಸ್ ಸ್ಟುಡಿಯೋದಲ್ಲಿ ಕಲಾ ನಿರ್ದೇಶಕ ಲಜಾರ್ ಮೀರ್ಸನ್ ಕಟ್ಟಿದ್ದು. ಹಿನ್ನೆಲೆಗೂ ನಟರಿಗೂ ನಡುವೆ ತೆಳುವಾದ ಜಾಲರಿ ಬಟ್ಟೆ ಇಳಿಬಿಟ್ಟು, ಛಾಯಾಗ್ರಾಹಕ ಜಾರ್ಜ್ ಪೆರಿನಾಲ್ ಅದರ ಮೂಲಕ ಚಿತ್ರೀಕರಿಸಿದರು. ಅದರಿಂದ ಗೋಡೆ, ಬಾಗಿಲು, ಮೆಟ್ಟಿಲುಗಳು ಮಂಜಿನಾಚೆ ಇದ್ದಂತೆ ಮಸುಕಾಗಿ, ಮುಂದಿರುವ ಮನುಷ್ಯರು ಗೆರೆ ಎಳೆದಂತೆ ಎದ್ದು ಕಾಣುತ್ತಾರೆ. ಮುದ್ರಣ ಮಾಸಿದೆ ಎಂದು ಕೆಲವರು ತಪ್ಪು ತಿಳಿಯುವುದುಂಟು. ಮಾಸಿದ ಪ್ರತಿಯಲ್ಲಿ ಮುಂದಿನದೂ ಹಿಂದಿನದೂ ಒಟ್ಟಿಗೆ ಮಸುಕಾಗುತ್ತವೆ. ಇಲ್ಲಿ ಹಿಂದಿನದು ಮಾತ್ರ. ಈ ಒಂದು ಗುರುತಿನಿಂದ ನೀವು ನೋಡುತ್ತಿರುವ ಪ್ರತಿ ಹೇಗಿದೆ ಎಂದೂ ಹೇಳಬಹುದು.

ಪ್ರತಿಯ ಮಾತು ಬಂದದ್ದರಿಂದ ಕೆಲವು ಕೆಲಸದ ವಿಷಯ. ನಿಮ್ಮ ನಿರಾಸೆಯಲ್ಲಿ ಅರ್ಧ ಪಾಲು ಇವುಗಳದೇ ಇದ್ದರೂ ಆಶ್ಚರ್ಯವಿಲ್ಲ.

ಮೊದಲನೆಯದು ಚೌಕಟ್ಟು. ಮೂಕಿ ಕಾಲದಲ್ಲಿ 35 ಮಿ.ಮೀ. ಫಿಲ್ಮಿನ ಮೇಲೆ ಚಿತ್ರದ ಜಾಗ ಸುಮಾರು 24 ಮಿ.ಮೀ. ಅಗಲ, 18 ಮಿ.ಮೀ. ಎತ್ತರ ಇತ್ತು. ಧ್ವನಿಯನ್ನು ಫಿಲ್ಮಿನ ಅಂಚಿನಲ್ಲೇ ಬೆಳಕಿನ ಪಟ್ಟಿಯಾಗಿ ಅಚ್ಚಿಡತೊಡಗಿದಾಗ ಆ ಪಟ್ಟಿ ಅಗಲದಲ್ಲಿ ಪಾಲು ಕೇಳಿತು. ಉಳಿದದ್ದು ಹೆಚ್ಚುಕಡಿಮೆ ಚೌಕ, ಎತ್ತರದ 1.19 ಪಟ್ಟು ಅಗಲ. ಆ ಕಾಲದ ಚಿತ್ರವನ್ನು ಇಂದಿನ ಅಗಲ ಟಿವಿಗೆ ಹಿಗ್ಗಿಸಿದರೆ ಎಲ್ಲರೂ ಸೊಪ್ರಾನೆಲ್ಲಿ ಆಗುತ್ತಾರೆ, ದಪ್ಪ ಜೋಡಿ ಮತ್ತು ತೆಳು ಜೋಡಿಯ ವ್ಯತ್ಯಾಸವೇ ಹೋಗುತ್ತದೆ. ಹಿಗ್ಗಿಸದೆ ಮೇಲೆ ಕೆಳಗೆ ಕತ್ತರಿಸಿದರೆ ಇನ್ನೂ ಕೇಡು: ಪಾದಗಳು ಹೋಗುತ್ತವೆ. ಈ ಚಿತ್ರದ ನಟರು ಓಡುವವರು, ಕುಣಿಯುವವರು. ಕ್ಲೇರ್ ಕ್ಲೋಸಪ್ ಬಳಸುವುದು ಕಡಿಮೆ, ತಲೆಯಿಂದ ಕಾಲಿನವರೆಗೆ ಇಡೀ ಆಳನ್ನು ಚೌಕಟ್ಟಿನಲ್ಲಿ ಕೂರಿಸುತ್ತಾರೆ. ಟಿವಿಯ ಚಿತ್ರ ಅಳತೆಯನ್ನು 'ಮೂಲ' ಎಂಬಲ್ಲಿಗೆ ಇಡಿ, ಎರಡೂ ಪಕ್ಕ ಕಪ್ಪು ಪಟ್ಟಿ ಬಂದರೆ ಸರಿಯಾಗಿದೆ ಎಂದರ್ಥ.

ಎರಡನೆಯದು ಚಲನೆಯನ್ನು ನಯಗೊಳಿಸುವ ಟಿವಿಯ ಸೌಲಭ್ಯ. ಅದನ್ನು ಆರಿಸಿಬಿಡಿ. ಸೆಕೆಂಡಿಗೆ 24 ಚೌಕಟ್ಟಿನ ಚಿತ್ರದ ನಡುವೆ ಟಿವಿ ತಾನೇ ಹುಟ್ಟಿಸಿದ ಚೌಕಟ್ಟುಗಳನ್ನು ತುರುಕುತ್ತದೆ. ಓಟದ ಲಯ ಕಲಸುಮೇಲೋಗರವಾಗುತ್ತದೆ, ಜಾಲರಿಯ ಮಸುಕಿನ ಸುತ್ತ ಅಲುಗುವ ಅಂಚು ಕಾಣುತ್ತದೆ.

ಮೂರನೆಯದು ಸಬ್‌ಟೈಟಲ್, ಹೆಚ್ಚು ಹಾನಿ ಮಾಡುವುದು ಇದೇ. ಕೆಲವು ಪ್ರತಿಗಳಲ್ಲಿ ಆಡುವ ಮಾತಿಗೆ ಮಾತ್ರ ಸಬ್‌ಟೈಟಲ್ ಇದ್ದು ಹಾಡಿನ ಸಾಲುಗಳಿಗೆ ಇರುವುದಿಲ್ಲ. ಬೇರೆ ಚಿತ್ರವಾದರೆ ನಡೆಯುತ್ತದೆ. ಇಲ್ಲಿ ಒಪೆರಾ ದೃಶ್ಯದ ಇಡೀ ತಿರುವು ನಿಂತಿರುವುದು ಹಾಡಿನ ಸಾಲಿಗೂ ಹುಡುಗಿಯ ಮುಖಕ್ಕೂ ಇರುವ ಹೊಂದಿಕೆಯ ಮೇಲೆ. ಬಾಕಿದಾರನ ಹಿಂದೆ ಬಿದ್ದ ಮೇಳವೂ ಅಷ್ಟೇ. ಚಿತ್ರ ಹಾಕುವ ಮುನ್ನ ಒಪೆರಾ ಭಾಗಕ್ಕೆ ಹೋಗಿ ಹಾಡಿಗೆ ಸಬ್‌ಟೈಟಲ್ ಬರುತ್ತದೆಯೇ ಎಂದು ನೋಡಿಕೊಳ್ಳಿ. ಇಲ್ಲದಿದ್ದರೆ ಬೇರೆ ಪ್ರತಿ ಹುಡುಕುವುದೇ ಮೇಲು.

ಧ್ವನಿಯ ಬಗ್ಗೆ: ಇದು ಒಂದೇ ದಾರಿಯ (ಮೊನೊ) ಧ್ವನಿ. ಚಿತ್ರ ಸಮಾಜದಲ್ಲಿ ತೋರಿಸುವವರು ನಡುವಿನ ಸ್ಪೀಕರಿಗೆ ಮಾತ್ರ ಕೊಟ್ಟರೆ ಸಾಕು. ಸುತ್ತಲೂ ಹರಡಿಸುವ ಪರಿಣಾಮಗಳನ್ನು ಹಾಕಿದರೆ ಮೇಳದ ಪದಗಳು ಗುಂಯ್‌ಗುಡುತ್ತವೆ. ಹಿಂದೆ ಕೇಳುವ ಸಣ್ಣ ಸರಸರ ಹಳೆಯ ಧ್ವನಿಪಟ್ಟಿಯ ಗುಣ. ಅದನ್ನು ಅಳಿಸಲು ಹೋದರೆ ವ್ಯಂಜನಗಳೂ ಅದರ ಜೊತೆಗೇ ಹೋಗುತ್ತವೆ.

ಇಷ್ಟೆಲ್ಲ ಹೇಳಿದ ಮೇಲೂ ಚಿತ್ರ ನಿರ್ದೋಷಿ ಎಂದು ನಾನು ಹೇಳಲಾರೆ. ಬೆಯಾತ್ರೀಸ್ ಆಗಿ ಅನಬೆಲ್ಲಾ ಒಪ್ಪುವ ಮುಖ, ಆದರೆ ಒಪೆರಾ ದೃಶ್ಯ ಬಿಟ್ಟರೆ ಅವಳಿಗೆ ಮಾಡಲು ಹೆಚ್ಚೇನೂ ಕೊಟ್ಟಿಲ್ಲ. ಮಿಶೆಲ್ ಆಗಿ ರೆನೆ ಲಫೇವ್ರ್ ಸೊಗಸಾಗಿ ಓಡುತ್ತಾರೆ, ಹೆಂಗಸರ ವಿಷಯದಲ್ಲಿ ಅವನ ಚಪಲವನ್ನು ಚಿತ್ರ ಬಹಳ ಸುಲಭವಾಗಿ ಮನ್ನಿಸಿಬಿಡುತ್ತದೆ. ಬಡತನ ಇಲ್ಲಿ ಬರೀ ಅಲಂಕಾರ. ಬಾಡಿಗೆ ಕೊಡಲಾಗದವನ ಹೊಟ್ಟೆಯುರಿ ಎಲ್ಲೂ ತಟ್ಟುವುದಿಲ್ಲ. ಮುಂದಿನ ವರ್ಷವೇ ಬಂದ ಜಾಂ ರೆನ್ವಾರ್ ಅವರ 'ಬುದು' ಚಿತ್ರವನ್ನು ಪಕ್ಕದಲ್ಲಿಟ್ಟರೆ ಕ್ಲೇರ್ ಅವರ ಪ್ಯಾರಿಸ್‌ನಲ್ಲಿ ಗಾಳಿ, ಕೊಳೆ, ನೀರು ಯಾವುದೂ ಇಲ್ಲ ಅನ್ನಿಸುತ್ತದೆ. ರೆನ್ವಾರ್ ಬೀದಿಗೂ ನದಿಗೂ ಹೋಗಿ ಚಿತ್ರೀಕರಿಸಿದರು, ಕ್ಲೇರ್ ಎಲ್ಲವನ್ನೂ ಮೊದಲೇ ಕಾಗದದ ಮೇಲೆ ಶಾಟ್ ಶಾಟ್ ಆಗಿ ಬರೆದು ಮುಗಿಸಿ ಸ್ಟುಡಿಯೋಗೆ ಹೋಗುವವರು. ಆಕಸ್ಮಿಕಕ್ಕೆ ಅವರ ಚಿತ್ರದಲ್ಲಿ ಜಾಗವಿಲ್ಲ. ನಿಮಗೆ ಸ್ವಭಾವತಃ ರೆನ್ವಾರ್ ಹಿಡಿಸಿದರೆ ಕ್ಲೇರ್ ಕೊನೆಯವರೆಗೂ ಸ್ವಲ್ಪ ತಣ್ಣಗೇ ಕಾಣಬಹುದು, ಅದರಲ್ಲಿ ತಪ್ಪೇನೂ ಇಲ್ಲ.

ಮುಂದೆ ಏನು ನೋಡಬೇಕು? ನನ್ನ ಸಲಹೆ ಹಿಂದಕ್ಕೆ ಹೋಗಿ. 1928ರ ಮೂಕಿ 'ಇಟಲಿಯ ಹುಲ್ಲಿನ ಟೋಪಿ' ಮೊದಲು. 1851ರ ಲಾಬಿಶ್ ಮತ್ತು ಮಾರ್ಕ್-ಮಿಶೆಲ್ ನಾಟಕ ಇದಕ್ಕೆ ಮೂಲ. ಕ್ಲೇರ್ ಕತೆಯನ್ನು 1895ಕ್ಕೆ, ಅಂದರೆ ಸಿನಿಮಾ ಹುಟ್ಟಿದ ವರ್ಷಕ್ಕೆ ಎತ್ತಿಟ್ಟರು. ಮದುವೆಗೆ ಹೊರಟ ವರನ ಕುದುರೆ ಕಾಡಿನಲ್ಲಿ ಪ್ರಿಯಕರನ ಜೊತೆಗಿದ್ದ ಒಬ್ಬ ಗೃಹಿಣಿಯ ಟೋಪಿ ತಿಂದುಬಿಡುತ್ತದೆ. ಅಂಥದೇ ಟೋಪಿ ತಂದುಕೊಡದಿದ್ದರೆ ಮನೆಯ ಸಾಮಾನೆಲ್ಲ ಪುಡಿಮಾಡುತ್ತೇನೆ ಎಂದು ಸೇನಾಧಿಕಾರಿಯಾದ ಆ ಪ್ರಿಯಕರ ಬೆದರಿಸುತ್ತಾನೆ. ಮಾತೇ ಬಂಡವಾಳವಾದ ನಾಟಕವನ್ನು ಅತಿ ಕಡಿಮೆ ಶೀರ್ಷಿಕೆಗಳಲ್ಲಿ ಹೇಗೆ ಮೂಕಿ ಮಾಡಿದರು ಎಂಬುದೇ ಇಲ್ಲಿ ನೋಡಬೇಕಾದ್ದು. ಮಾತಿನ ಚಟಾಕಿಗೆ ಬದಲಾಗಿ ಪ್ರತಿ ನೆಂಟನಿಗೂ ಒಂದು ವಸ್ತು ಅಂಟಿಸಿದ್ದಾರೆ: ಒಬ್ಬನಿಗೆ ಬಿಗಿಯಾದ ಬೂಟು, ಒಬ್ಬನಿಗೆ ಕಳೆದ ಕೈಗವಸು, ಒಬ್ಬನಿಗೆ ಜಾರುವ ಟೈ, ಕಿವುಡ ಮಾವನಿಗೆ ಏನೋ ಸಿಕ್ಕಿ ಕಟ್ಟಿಕೊಂಡ ಕಿವಿಕೊಂಬು. ಪ್ರತಿಯೊಂದೂ ಹತ್ತಾರು ಸಲ ಮರಳುತ್ತದೆ, ಪ್ರತಿ ಸಲ ಚೂರು ಬದಲಾಗಿ. ವರ ಕುಣಿಯುತ್ತಿರುವಾಗ ತನ್ನ ಮನೆಯ ಸಾಮಾನು ಕಿಟಕಿಯಿಂದ ಹೊರಗೆ ಹೋಗುವುದನ್ನು ಊಹಿಸಿಕೊಳ್ಳುವ ಭಾಗವನ್ನು ತಪ್ಪಿಸಬೇಡಿ. ಮೂಕಿ ಚಿತ್ರಗಳನ್ನು ತಿರುಗಿಸುವ ವೇಗ ಒಂದೇ ಸಮ ಇರಲಿಲ್ಲ. ಟಾಕಿಯ 24 ಚೌಕಟ್ಟಿನ ವೇಗದಲ್ಲಿ ಹಾಕಿದ ಪ್ರತಿ ಸಿಕ್ಕಿದರೆ ಮದುವೆ ಮನೆಯವರೆಲ್ಲ ಗಡಿಬಿಡಿಯವರಾಗಿ ಕಾಣುತ್ತಾರೆ, ಈ ಮರುಕಳಿಕೆಯ ಹಾಸ್ಯಕ್ಕೆ ಬೇಕಾದ ಬಿಡುವು ಸಿಗುವುದಿಲ್ಲ. ಜನ ನಡೆಯುವ ನಡಿಗೆ ಸಹಜವಾಗಿದೆಯೇ ಎಂದು ಮೊದಲ ನಿಮಿಷದಲ್ಲೇ ನೋಡಿ.

ಆಮೇಲೆ 1930ರ 'ಪ್ಯಾರಿಸಿನ ಮಾಡುಗಳ ಕೆಳಗೆ'. ಕತ್ತಲಲ್ಲಿ ರೈಲು ಹಳಿಯ ಪಕ್ಕದ ಹೊಡೆದಾಟ, ಗಾಜಿನ ಬಾಗಿಲಾಚೆ ಕಾಣುವ ಆದರೆ ಕೇಳದ ಮಾತು, ಇವೆರಡು ಸಾಕು. ಒಟ್ಟು ಚಿತ್ರ 'ಲ ಮಿಲಿಯೋಂ'ಗಿಂತ ನಿಧಾನ, ಇನ್ನೂ ದಾರಿ ತಡಕುತ್ತಿರುವಂಥದು.

ಕೊನೆಗೆ 1931ರ ಡಿಸೆಂಬರಿನ 'ಅ ನೂ ಲಾ ಲಿಬೆರ್ತೆ'. 'ಲ ಮಿಲಿಯೋಂ'ನಲ್ಲಿ ಟ್ಯಾಕ್ಸಿ ಚಾಲಕನಾಗಿ ಬಂದ ರೇಮೋಂ ಕೊರ್ದಿ ಇಲ್ಲಿ ಜೈಲಿನಿಂದ ಓಡಿಬಂದು ಗ್ರಾಮಫೋನು ಕಾರ್ಖಾನೆಯ ಮಾಲೀಕನಾಗುತ್ತಾನೆ. ಜೈಲಿನ ಸಾಲೂ ಕಾರ್ಖಾನೆಯ ಸಾಲೂ ಒಂದೇ ರೀತಿ ಕಾಣುವಂತೆ ಮೀರ್ಸನ್ ಸಜ್ಜಿಕೆ ಮಾಡಿದ್ದಾರೆ. ಸಾಗುಪಟ್ಟಿಯ (ಕನ್ವೇಯರ್ ಬೆಲ್ಟ್) ದೃಶ್ಯ ನೋಡಿದ ಕೂಡಲೇ ನಿಮಗೆ ಚಾಪ್ಲಿನ್ ಅವರ 1936ರ 'ಮಾಡರ್ನ್ ಟೈಮ್ಸ್' ನೆನಪಾಗುತ್ತದೆ. ಕ್ಲೇರ್ ಅವರ ಚಿತ್ರ ತಯಾರಿಸಿದ ಟೋಬಿಸ್ ಕಂಪನಿಗೂ ಹಾಗೇ ಅನ್ನಿಸಿ ಚಾಪ್ಲಿನ್ ಮೇಲೆ ದಾವೆ ಹೂಡಿತ್ತು; ಚಾಪ್ಲಿನ್ ಅವರನ್ನು ಗುರುವಿನ ಸಮಾನ ಕಂಡಿದ್ದ ಕ್ಲೇರ್ ಆ ದಾವೆಗೆ ಕೈಜೋಡಿಸಲಿಲ್ಲ. ಈ ಚಿತ್ರ ಕೊಳ್ಳುವಾಗ ಒಂದು ಎಚ್ಚರ: 1950ರ ಮರುಬಿಡುಗಡೆಗೆ ಕ್ಲೇರ್ ತಾವೇ ಕೆಲವು ಭಾಗ ಕತ್ತರಿಸಿದರು. ಕತ್ತರಿಸಿದ ಆವೃತ್ತಿಯೇ ಹೆಚ್ಚು ಹರಡಿರುವುದರಿಂದ, ತೆಗೆದುಹಾಕಿದ ದೃಶ್ಯಗಳನ್ನೂ ಜೊತೆಗೆ ಕೊಟ್ಟಿರುವ ಡಿಸ್ಕ್ ಸಿಕ್ಕಿದರೆ ಅದನ್ನೇ ಆರಿಸಿಕೊಳ್ಳಿ.